ಪೇಟೆ ಧಾರಣೆಗೆ ಮಾರಿದ ಷೇರು

ಅರವತ್ತರ ದಶಕದಲ್ಲಿ ನಿಮ್ಮ ತಾತ ಕುಣಿಗಲ್ಲಿನಲ್ಲಿ ಮೇಷ್ಟರಾಗಿದ್ದರು. ಅವರು ತೀರಿಕೊಂಡ ಮೇಲೆ ಕಂಕುಳಲ್ಲಿದ್ದ ನಿಮ್ಮ ಅಪ್ಪನನ್ನು ಎತ್ತಿಕೊಂಡು ಗುಬ್ಬಿಗೆ, ಮಾವನವರ ಮನೆಗೆ ಬಂದೆ. ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ನನಗೆ ಸೀಟು ಸಿಕ್ಕಿತು. ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ನನ್ನದೆಂದು ಇದ್ದದ್ದು ನಿಮ್ಮ ತಾತ ನನ್ನ ಹೆಸರಿಗೆ ಕೊಂಡಿದ್ದ, ಒಂದು ಬಟ್ಟೆ ಗಿರಣಿಯ ಷೇರುಗಳು. ಸಹಿ ಹಾಕಿ, ಮಾರಿಕೊಡಿ ಎಂದು ಬೆಂಗಳೂರಿನ ಷೇರು ಬ್ರೋಕರಿಗೆ ಕಳಿಸಿದೆ.

ಮಾವನವರು ಕೊಬ್ಬರಿ ವ್ಯಾಪಾರಿ. ಧಾರಣೆ ಏರುವವರೆಗೆ ಕೊಬ್ಬರಿಯನ್ನು ಅಟ್ಟದಿಂದ ಇಳಿಸಿದವರಲ್ಲ. ಷೇರಿಗೂ ಹಾಗೆಯೇ, ಪೇಪರಿನಲ್ಲಿ ಅಚ್ಚಾದ ರೇಟಿಗೆ ಇನ್ನಷ್ಟು ಸೇರಿಸಿ, ಅದಕ್ಕಿಂತ ಕಡಿಮೆಗೆ ಕೊಡಕೂಡದೆಂದು ಬ್ರೋಕರಿಗೆ ಹೇಳಿಕಳಿಸಿದರು. ಆ ಬೆಲೆಗೆ ಕೇಳುವವರೇ ಬರಲಿಲ್ಲ. ತಿಂಗಳು ಮುಗಿಯುತ್ತಾ ಬಂತು.

ಕೊನೆಗೆ ಮಾವನವರು ನನ್ನನ್ನೂ ಕೊಬ್ಬರಿ ಮಂಡಿಗೆ ಕರೆದೊಯ್ದು, ಅಲ್ಲಿಂದ ಬ್ರೋಕರಿಗೆ ಟ್ರಂಕ್ ಕಾಲ್ ಮಾಡಿಸಿದರು. ಷೇರಿನ ಒಡತಿಯೇ ಮಾತಾಡಬೇಕೆಂದರು ಬ್ರೋಕರು. ಮಾವನವರೆದುರು ನಾನು ಎಂದೂ ದನಿ ಎತ್ತಿದವಳಲ್ಲ. ಆ ಫೋನಿನಲ್ಲೋ, ಕೂಗದಿದ್ದರೆ ಕೇಳಿಸುತ್ತಿರಲಿಲ್ಲ.

"ಅಮ್ಮ, ನೀವು ಹೇಳಿದ್ ರೇಟೇ ಬೇಕು ಅಂದ್ರೆ ಕಾಯ್ಬೇಕು. ಎಷ್ಟು ದಿನ ಅಂತ ನಾನ್ ಹೇಳಕ್ಕಾಗಲ್ಲ. ಪೇಟೆ ಧಾರಣೆಗೆ ಕೊಡಿ ಅಂದ್ರೆ ಇವತ್ತೇ ಹೋಗತ್ತೆ. ಆದ್ರೆ ಆ ಗಳಿಗೇಲಿ ಕೊಳ್ಳೋನು ಎಷ್ಟು ಕೊಡ್ತಾನೋ ಅಷ್ಟೇ. ಪೇಪರ್‌ನಲ್ಲಿರೋದು ನಿನ್ನೆ ರೇಟು."

ಅದನ್ನೇ ಮಾವನವರಿಗೆ ಹೇಳಿದೆ.

"ರೇಟೇ ಹೇಳ್ದೆ ಮಾಲು ಬುಡ್ತಾರೇನವ್ವಾ? ಸಂತೇಲಿ ಎಮ್ಮೆ ಮಾರೋನೂ ಟವಲ್ ಕೆಳಗೆ ಬೆರಳು ಹಿಡ್ದು ರೇಟು ಕುದುರಿಸ್ತಾನೆ!"

ಮಂಡಿಯ ಹಮಾಲರು ನಕ್ಕರು. ಆದರೆ ರೇಟು ಒಂದಿಷ್ಟು ಇಳಿದರೂ ಫೀಸಿಗೆ ಸಾಲುತ್ತಿತ್ತು. ಮಾರಾಟವೇ ಆಗದಿದ್ದರೆ ಸೀಟೇ ಇಲ್ಲ.

"ಇವತ್ತಿನ ಧಾರಣೆಗೇ ಕೊಟ್ಬಿಡಿ!" ಎಂದು ಕೂಗಿದೆ.

ಮಾವನವರು ನನ್ನನ್ನೇ ನೋಡಿದರು. "ಅಬ್ಬಾ, ಗಂಟ್ಲು ಐತೆ ಕಣವ್ವ ನಿಂಗೆ. ಮೇಷ್ಟ್ರಮ್ಮ ಆಗ್ಬೋದು ಬುಡು."

ಷೇರು ಪೇಪರಿನ ರೇಟಿಗಿಂತ ತುಸು ಕಡಿಮೆಗೆ ಹೋಯಿತು. ಫೀಸು ಕಟ್ಟಿ, ಉಳಿದದ್ದರಲ್ಲಿ ಟ್ರೈನಿಂಗಿನವರು ಉಡಬೇಕಾದ ನೀಲಿ ಅಂಚಿನ ಬಿಳಿ ಸೀರೆ ಕೊಂಡೆ. ದಿನವೂ ರೈಲಿನಲ್ಲಿ ಹೋಗಿಬರುತ್ತಿದ್ದೆ.

ಕೆಲವು ತಿಂಗಳ ಮೇಲೆ ಒಂದು ಸಂಜೆ ಮಾವನವರು ಪೇಪರು ತಂದು ಮುಂದೆ ಹಿಡಿದರು. "ನೋಡವ್ವ, ನೀನ್ ಮಾರಿದ್ ಷೇರು ಎಷ್ಟು ಏರೈತೆ!"

ನಾನು ಮರುದಿನದ ಪಾಠಕ್ಕೆ ಚಾರ್ಟು ಬರೆಯುತ್ತಿದ್ದೆ.

"ಏರ್ಲಿ ಮಾವ," ಎಂದೆ.