ಹಿಟ್ಟು ನಾದುವಾಗಿನ ಹಾಡು

ಅಂದು ಬೆಳಿಗ್ಗೆ ಅವರೆಕಾಯಿ ಬಿಡಿಸುತ್ತಾ ಮೊಬೈಲಿನಲ್ಲಿ ಅದೇ ಹಾಡನ್ನು ಮತ್ತೊಮ್ಮೆ ಕೇಳಿದೆ. ಐರ್ಲೆಂಡಿನ ಹಳೆಯ ಜನಪದ ಗೀತೆ. ಪಾಶ್ಚಾತ್ಯ ಸಂಗೀತದ ದೊಡ್ಡ ಸಂಯೋಜಕರೊಬ್ಬರು ಅದಕ್ಕೆ ಪಿಯಾನೊ, ಪಿಟೀಲು ಜೋಡಿಸಿದ್ದಾರೆ. ಚಿಂತಾಮಣಿಯ ಕಾನ್ವೆಂಟಿನಲ್ಲಿ ನಮಗೆ ಹಾಡು ಕಲಿಸಿದ, ಇಲ್ಲೇ ತಲೆ ನರೆತ ಐರಿಷ್ ಸಿಸ್ಟರ್ ಮರುದಿನ ತಾಯ್ನಾಡಿಗೆ ಹೊರಟಿದ್ದರು. ಇನ್ನು ಮರಳಿ ಬರುವುದಿಲ್ಲ. ಅವರ ನಾಡಿನ ಹಾಡನ್ನೇ ಹಾಡಿ ಬೀಳ್ಕೊಡಬೇಕೆಂದು ನನ್ನ ಆಸೆ.

ಮಧ್ಯಾಹ್ನ ಶಾಲೆಯ ಹಾಲ್‌ನಲ್ಲಿ, ಬೀಳ್ಕೊಡಲು ಸೇರಿದ್ದ ಹುಡುಗಿಯರ ಮುಂದೆ, ಸಿಸ್ಟರ್ ಕಲಿಸಿದಂತೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನೆಟ್ಟಗೆ ನಿಂತೆ. ಮೊಬೈಲಿನಲ್ಲಿ ವಾದ್ಯಗಳು ಶುರುವಾದವು. ಎರಡು ಸಾಲು ಹಾಡುವಷ್ಟರಲ್ಲಿ ಸಿಸ್ಟರ್ ಕೈಯೆತ್ತಿ ನಿಲ್ಲಿಸಿಬಿಟ್ಟರು.

"ಆ ಪಿಯಾನೊ ಆಫ್ ಮಾಡೇ ಶೈಲಾ. ನಮ್ಮಮ್ಮ ಬ್ರೆಡ್ಡಿಗೆ ಹಿಟ್ಟು ನಾದ್ತಾ ಹಾಡ್ತಿದ್ದ ಹಾಡು ಕಣೇ ಇದು. ನೀನು ನೋಡಿದ್ರೆ ಬಿಷಪ್ ಎದುರಿಗೆ ನಿಂತಿರೋ ಹಾಗೆ ಹಾಡ್ತಿದ್ದೀಯ. ಕೈ ಮುಂದಕ್ಕೆ ತಗೋ, ನಾದು."

ಸೆರಗು ಸಿಕ್ಕಿಸಿಕೊಂಡು, ಇಲ್ಲದ ಹಿಟ್ಟನ್ನು ಮೇಜಿನ ಮೇಲೆ ನಾದತೊಡಗಿದೆ. ಸಿಸ್ಟರ್ ಎದುರು ನಿಂತು ತಾವೂ ನಾದಿದರು; ಸುಕ್ಕುಗಟ್ಟಿದ ಅವರ ಬೆರಳುಗಳಲ್ಲಿ ತಾಳ ತಪ್ಪಲಿಲ್ಲ. ಹಾಡು ತಾನಾಗಿಯೇ ಬಂತು, ಹುಡುಗಿಯರೆಲ್ಲ ನಗುತ್ತಾ ದನಿಗೂಡಿಸಿದರು. ಮುಗಿದಾಗ ಸಿಸ್ಟರ್ ನನ್ನ ಕೆನ್ನೆ ತಟ್ಟಿ, "ಈಗ ನಮ್ಮ ಅಡುಗೆಮನೆ ಹಾಡಾಯ್ತು ನೋಡು" ಅಂದರು.

ಸಂಜೆ ಹಿತ್ತಿಲಿನಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ನನಗರಿವಿಲ್ಲದೆ ಅದನ್ನೇ ಗುನುಗುತ್ತಿದ್ದೆ. ಪಕ್ಕದ ಮನೆಯ ರತ್ನಮ್ಮ ಕಾಂಪೌಂಡಿನ ಆಚೆಯಿಂದ ಇಣುಕಿದರು. "ಯಾರ ಮನೇಲಮ್ಮಾ ಮದುವೆ? ಸೋಬಾನೆ ಪ್ರಾಕ್ಟೀಸ್ ಮಾಡ್ತಿದ್ದೀಯ. ನಮ್ಮತ್ತೇನೂ ಇದನ್ನೇ ಹಾಡ್ತಿದ್ರು."