ಅಂಗೈ ಬಿಸಿಗೆ ಸಾಯುವ ಹುಳು

ಲಾಂಗ್‌ಟಾಂಗ್ ಕಣಿವೆಯ ಸಾಂಗ್ಮೋ ಹದಿನಾಲ್ಕು ವಸಂತಗಳಿಂದ ಹಿಮನದಿಯ ಮೇಲೆ ಹುಳು ಹಿಡಿದು ಕಾಠ್ಮಂಡುವಿನ ಸಂಶೋಧಕರಿಗೆ ಕೊಡುತ್ತಿದ್ದಳು. ಇರುವೆಯಷ್ಟು ಉದ್ದದ, ರೆಕ್ಕೆ ಮೊಟಕಾದ, ಮಂಜುಗಡ್ಡೆಯ ಮೇಲೆ ನಡೆದಾಡುವ ಹುಳು. ಅದರ ಪೂರ್ವಜರು ಹಾರುವುದನ್ನು ಬಿಟ್ಟು ಚಳಿಗೆ ಒಗ್ಗಿದ ಕಥೆ ವಂಶವಾಹಿಗಳಲ್ಲಿದೆ, ಅದನ್ನು ಓದಬೇಕು ಎಂದು ಅವರು ಹೇಳಿದ್ದರು.

ಮೊದಲ ವರ್ಷ ಅವಳು ಸೀಸೆಯನ್ನು ಎದೆಗವಚಿಕೊಂಡು ಇಳಿದಿದ್ದಳು. ಹಿಮದಲ್ಲಿ ಹುಟ್ಟಿದ ಯಾಕ್ ಕರುವನ್ನು ಅಲ್ಲಿಯವರು ತರುವುದೇ ಹಾಗೆ. ಮೈಬಿಸಿಗೆ ಹುಳುಗಳೆಲ್ಲ ಸತ್ತವು. "ನಾನೇ ಕೊಂದೆ" ಎಂದು ಅಂದೇ ಹೇಳಿದ್ದಳು. ಆಮೇಲೆ ಬರಿಗೈ ತಾಗಿಸಲಿಲ್ಲ. ಯಾಕ್ ಬಾಲದ ಕೂದಲಿನ ಕುಂಚದಿಂದ ಎತ್ತಿ, ಹಿಮ ತುಂಬಿದ ಸೀಸೆಗೆ ಹಾಕಿ, ಬುಟ್ಟಿಯ ಹೊರಗೆ ಕಟ್ಟಿ ತರುತ್ತಿದ್ದಳು.

ಈ ವಸಂತದಲ್ಲಿ ಸಂಶೋಧಕ ಸುಯೋಗ್ ಮತ್ತೆ ಬಂದ. ಅವನ ಕೈಲಿದ್ದ ಕಳೆದ ವರ್ಷದ ವರದಿಯನ್ನು ಲಾಡ್ಜ್ ನಡೆಸುವ, ಸಾಂಗ್ಮೋಳ ನಾದಿನಿ ಯಾಂಗ್ಜಿ ಇಸಿದುಕೊಂಡು ಅವಳಿಗೆ ಓದಿ ಹೇಳಿದಳು. ಮಾದರಿಗಳು ಕೆಟ್ಟಿದ್ದು "ಸ್ಥಳೀಯ ಹೆಂಗಸಿನ ಅಜಾಗರೂಕತೆಯಿಂದ". ಈ ವಸಂತ ಮುಗಿದ ಮೇಲೆ ಬೇರೆಯವರನ್ನು ಹುಡುಕಬೇಕು ಎಂದಿತ್ತು.

"ಯಾರು ಬರೆದಿದ್ದು?" ಎಂದಳು ಸಾಂಗ್ಮೋ.

"ನಾನೇ, ದಿದಿ. ಕಾರಣ ಅಂತ ಏನಾದ್ರೂ ಬರೀಬೇಕಿತ್ತಲ್ಲ."

"ಹೆಸರೂ ಹಾಕಿಲ್ಲ. ಬಯ್ಯೋಕಾದ್ರೂ ನಂಗೊಂದು ಹೆಸರು ಬೇಡ್ವಾ?"

ಯಾಂಗ್ಜಿ ಬೆಣ್ಣೆ ಚಹಾದ ಬಟ್ಟಲನ್ನು ಕುಕ್ಕಿದಳು. "ಅತ್ತಿಗೆ ತಂದಾಗ ಹುಳ ಓಡಾಡ್ತಿದ್ವು. ಸೀಸೆಗಳನ್ನ ನನ್ನ ಒಲೆ ಪಕ್ಕ ಇಟ್ಟಿದ್ದು ಯಾರಪ್ಪಾ?"

"ಹೆಪ್ಪುಗಟ್ಟುತ್ವೆ ಅಂತ..."

"ಮೀನು ಮುಳುಗುತ್ತೆ ಅಂತ ದಡಕ್ಕೆ ಎಳೆದ್ಹಾಗಾಯ್ತು" ಎಂದಳು ಸಾಂಗ್ಮೋ. "ತಿದ್ದಿ ಬರಿ. ಅಲ್ಲೀತನಕ ನಾನು ಹತ್ತಲ್ಲ."

ಹುಳು ಮಂಜುಗಡ್ಡೆಯ ಮೇಲೆ ಸಿಗುವುದು ಇನ್ನು ಒಂದೇ ವಾರ; ಆಮೇಲೆ ಮುಂದಿನ ವಸಂತಕ್ಕೇ. ಸುಯೋಗ್ ತಲೆ ತಗ್ಗಿಸಿದ. "ಒಪ್ಪಿಕೊಂಡ್ರೆ ನನ್ನ ಕೆಲಸ ಹೋಗುತ್ತೆ, ದಿದಿ."

"ಮೊದಲ ವರ್ಷ ನಾನು ಒಪ್ಪಿಕೊಂಡೆ. ನನ್ನದು ಹೋಯ್ತಾ? ನಿನ್ನ ಸುಳ್ಳಿಂದ ಈಗ ಹೋಗ್ತಿದೆ."

ಅವಳು ಕುಂಚವನ್ನು ಗೋಡೆಯ ಮೊಳೆಗೆ ನೇತುಹಾಕಿ ಹೊರಟುಹೋದಳು. ಎರಡು ದಿನ ಆ ಕಡೆ ತಲೆ ಹಾಕಲಿಲ್ಲ.

ಮೂರನೆಯ ಬೆಳಿಗ್ಗೆ ಯಾಂಗ್ಜಿ ಅವಳನ್ನು ಕರೆಸಿ, ಸುಯೋಗ್ ಬರೆದ ಹೊಸ ಹಾಳೆಯನ್ನು ಓದಿ ಹೇಳಿದಳು. ಒಲೆ, ಸೀಸೆ, ಸುಯೋಗನ ತಪ್ಪು ಎಲ್ಲ ಇತ್ತು. ಹುಳು ಜೀವಂತ ತಂದವಳು ಸಾಂಗ್ಮೋ ತಮಾಂಗ್ ಎಂದೂ ಇತ್ತು.

"ಮೇಲಿನವರಿಗೆ ಕಳಿಸು" ಎಂದಳು ಸಾಂಗ್ಮೋ. ಅವನು ಫೋನಿನಲ್ಲಿ ಚಿತ್ರ ತೆಗೆದು ಕಳಿಸುವವರೆಗೂ ಎದುರಿಗೇ ನಿಂತಿದ್ದು, ಆಮೇಲೆ ಕುಂಚ ತೆಗೆದುಕೊಂಡಳು.

ಏರುದಾರಿಯುದ್ದಕ್ಕೂ ಅವನಿಗಿಂತ ಮುಂದೆಯೇ ನಡೆದಳು. ಮಂಜುಗಡ್ಡೆಯ ಅಂಚು ತಲುಪಿದಾಗ ಮಾತ್ರ ತಿರುಗಿ ಅವನ ಬರಿಗೈ ನೋಡಿದಳು.

"ಗವಸು ಹಾಕ್ಕೋ. ಹುಳದ ಮೇಲೆ ಉಸಿರೂ ಬಿಡಬೇಡ."