ಅಪ್ಪನ ಹಳೆಯ ಮುಖ

ಹೋದ ವರ್ಷ ಮಗಳ ಶಾಲೆಯ ವಾರ್ಷಿಕೋತ್ಸವದ ದಿನ, ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದ ಕೋಣೆಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಸಫೇದದ ವಾಸನೆ. ಮುಖಕ್ಕೆ ಬಳಿಯುವ ಆ ಬಿಳಿ ಪುಡಿಯ ವಾಸನೆ ಹೇಗಿರುತ್ತದೆಂದು ಹೇಳುವುದು ಕಷ್ಟ. ಹೊಸದಾಗಿ ಸುಣ್ಣ ಬಳಿದ ಗೋಡೆಯ ತಂಪು ಅದರಲ್ಲಿದೆ, ಜ್ವರದಲ್ಲಿ ಮಲಗಿದ ಮಗುವಿನ ಹಾಸಿಗೆಯ ನೆನಪೂ ಇದೆ. ನನಗಂತೂ ಅದು ಅಪ್ಪನ ವಾಸನೆ. ಬಾಳ್ಳುಪೇಟೆಯಲ್ಲಿ ಲಾರಿ ರಿಪೇರಿ ಶೆಡ್ಡಿನ ಹಿಂದಿದ್ದ ನಮ್ಮ ಬಾಡಿಗೆ ಮನೆ, ಘಾಟಿ ಇಳಿಯುವ ಲಾರಿಗಳು ಹಾರ್ನ್ ಹೊಡೆದಾಗಲೆಲ್ಲ ನಡುಗುತ್ತಿದ್ದ ಅದರ ತಗಡಿನ ಮಾಡು, ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದ್ದ ಅಂಗೈಯಗಲದ ಕನ್ನಡಿ, ಅದರ ಮುಂದೆ ಬನಿಯನ್ನಿನಲ್ಲಿ ಕೂತು ಬೆರಳಿನಿಂದ ಬಿಳಿ ಬಳಿದುಕೊಳ್ಳುತ್ತಿದ್ದ ಅಪ್ಪ, ಎಲ್ಲವೂ ಒಟ್ಟಿಗೆ ಎದುರು ಬಂದು ನಿಂತವು.

ಅಪ್ಪ ಆಲೂರಿನ ಕಡೆಯ ಬೇಸಾಯದ ಮನೆಯವನು. ಎಳೆ ವಯಸ್ಸಿನಲ್ಲೇ ಯಾವುದೋ ಸರ್ಕಸ್ ಡೇರೆಯ ಹಿಂದೆ ಹೋಗಿ ಜೋಕರ್ ಆದವನು. ಅದೇ ಡೇರೆಯಲ್ಲಿ ತಂತಿಯ ಮೇಲೆ ನಡೆಯುತ್ತಿದ್ದವಳು ನನ್ನ ಅವ್ವ, ಸರೋಜ. ಒಂದು ಸಂಜೆ ತಂತಿಯಿಂದ ಬಿದ್ದು ಅವಳ ಕಾಲಿನ ಹರಡು ಮುರಿಯಿತು. ಕುಂಟುವ ಹುಡುಗಿ ಡೇರೆಗೆ ಬೇಡವಾದಳು. ಅಪ್ಪ ಅವಳ ಟ್ರಂಕನ್ನೂ ತನ್ನ ಟ್ರಂಕನ್ನೂ ಎತ್ತಿಕೊಂಡು ಅವಳ ಜೊತೆಯಲ್ಲೇ ಹೊರಟು ಬಂದ. ಊರಿನಲ್ಲಿ ಅವನ ಮನೆಯವರು ಒಳಗೆ ಕರೆಯಲಿಲ್ಲ. ಹಾಗೆ ಬಾಳ್ಳುಪೇಟೆಯಲ್ಲಿ ನಿಂತವರು ಇಬ್ಬರೇ ಒಂದು ಆಟ ಕಟ್ಟಿದರು. ಕಾಫಿ ಎಸ್ಟೇಟುಗಳಲ್ಲಿ ಹಣ್ಣು ಕೊಯ್ಲು ಮುಗಿದ ಮೇಲಿನ ಊಟದ ದಿನ, ಶಾಲೆಗಳ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತಿದ್ದರು. ಸಕಲೇಶಪುರದಿಂದ ಬೆಳಗೋಡಿನವರೆಗೆ ಜೋಕರ್ ನಂಜಣ್ಣ ಎಂದರೆ ಮಕ್ಕಳೂ ಗುರುತು ಹಿಡಿಯುತ್ತಿದ್ದರು.

ಆಟ ಇಲ್ಲದ ದಿನಗಳೇ ನನಗೆ ಹೆಚ್ಚು ನೆನಪಾಗುತ್ತವೆ. ಬೆಳಿಗ್ಗೆ ಕಾಫಿ ಕುಡಿದು ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಕೂರುತ್ತಿದ್ದ. ಹಿಂದಿರುಗುವಾಗ ಯಾರದಾದರೂ ನಡಿಗೆಯನ್ನೋ ಸೀನನ್ನೋ ಹೊತ್ತು ತರುತ್ತಿದ್ದ. ಬಿಸಿಲಿನಲ್ಲೂ ಮಡಿಸಿದ ಕೊಡೆಯಿಂದ ಬೆನ್ನು ಕೆರೆದುಕೊಳ್ಳುತ್ತ ಬಸ್ಸು ಕಾಯುವ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್, ಕಂಕುಳಲ್ಲಿ ಕೋಳಿ ಇಟ್ಟುಕೊಂಡು ಟಿಕೆಟ್ಟಿಗಾಗಿ ಮೈಯೆಲ್ಲ ತಡಕುವ ಹೆಂಗಸು. ಅವರೆಲ್ಲ ನಮ್ಮ ಅಂಗಳಕ್ಕೆ ಬಂದು ಅಪ್ಪನ ಮೈಯಲ್ಲಿ ಓಡಾಡುತ್ತಿದ್ದರು. ಕಾಫಿ ಹೊಟ್ಟು ತುಂಬಿದ ಚೀಲಗಳನ್ನು ಹಾಸಿ, ಅವುಗಳ ಮೇಲೆ ಬಿದ್ದು ಬಿದ್ದು ನೋಡುತ್ತಿದ್ದ. "ಬೀಳೋದೇನು ದೊಡ್ಡದಲ್ಲ ಕಣವ್ವ, ಬೀಳ್ತೀನಿ ಅಂತ ಗೊತ್ತಿಲ್ದಂಗೆ ಬೀಳ್ಬೇಕಲ್ಲ, ಅದೇ ಕಷ್ಟ" ಎಂದು ನನಗೆ ಹೇಳುತ್ತ ಮೈಗೆ ಅಂಟಿದ ಹೊಟ್ಟು ಕೊಡವಿಕೊಳ್ಳುತ್ತಿದ್ದ.

ಸಂಜೆ ಊಟಕ್ಕೆ ಕೂತಾಗ ಪರೀಕ್ಷೆ. ಅವ್ವ ಸುಲಭಕ್ಕೆ ನಗುವವಳಲ್ಲ. ತಂತಿಯ ಮೇಲೆ ನಡೆದವರ ಮುಖ ಹಾಗೆಯೇ ಇರುತ್ತದೋ ಏನೋ, ಗಂಭೀರವಾಗಿ, ದೂರದಲ್ಲಿ ಒಂದು ಕಡೆ ಕಣ್ಣು ನೆಟ್ಟು. ಒಲೆಯ ಮುಂದೆ ರೊಟ್ಟಿ ತಟ್ಟುತ್ತಲೇ ನೋಡಿ, "ಇನ್ನೊಂದ್ಸಲ ಮಾಡ್ರೀ. ಕೊಡೆ ಸಿಕ್ಕಾಕ್ಕಂಡಾಗ ನೀವು ಅದನ್ನ ನೋಡ್ಲೇಬಾರ್ದು. ಜನ ನೋಡ್ಬೇಕು" ಎನ್ನುತ್ತಿದ್ದಳು. ಅಪ್ಪ ಕೈತುತ್ತು ಹಿಡಿದುಕೊಂಡೇ ಯೋಚಿಸಿ, ತಟ್ಟೆ ಪಕ್ಕಕ್ಕೆ ಸರಿಸಿ ಮತ್ತೆ ಎದ್ದು ಮಾಡುತ್ತಿದ್ದ. ಕೊನೆಗೆ ಯಾವಾಗಲೋ ಅವ್ವ ಒಲೆಯ ಕಡೆ ಮುಖ ತಿರುಗಿಸಿಬಿಡುತ್ತಿದ್ದಳು. ಅವಳ ಭುಜಗಳು ಮಾತ್ರ ಕುಲುಕುತ್ತಿದ್ದವು. "ಬಂತು ಕಣೆ, ಬಂತು!" ಎಂದು ಅಪ್ಪ ಕುಣಿದಾಡುತ್ತಿದ್ದ. ಅಲ್ಲಿಗೆ ಆ ಐಟಂ ಆಟಕ್ಕೆ ಸೇರಿತು ಎಂದು ಅರ್ಥ.

ಎಲ್ಲಕ್ಕಿಂತ ಜನರಿಗೆ ಹಿಡಿಸಿದ್ದು ಗಂಡಹೆಂಡತಿ ಫೋಟೋ ತೆಗೆಸಿಕೊಳ್ಳುವ ಐಟಂ. ಸ್ಟೂಲಿನ ಮೇಲೆ ಕಪ್ಪುಬಟ್ಟೆ ಹೊದಿಸಿದ ಡಬ್ಬವೇ ಕ್ಯಾಮೆರಾ. ಅದರ ಮುಂದೆ ಅವ್ವ ಬೆನ್ನು ನೆಟ್ಟಗೆ ಮಾಡಿ ಕೂರುವಳು. ಅಪ್ಪನಿಗೆ ಸೀನು ಬರುವುದು, ಮೂಗು ಕೆರೆಯುವುದು, ಮುಖ ಒಂದು ಗಳಿಗೆ ನಿಂತ ಕಡೆ ನಿಲ್ಲದು. ಅವ್ವ ತಿರುಗಿ, "ಮುಖ ನೆಟ್ಟಗಿಟ್ಕಳ್ರೀ!" ಎಂದು ಗದರುವಳು. ಆ ಮಾತಿಗೆ ಜನ ಕಾದು ಕೂತಿರುತ್ತಿದ್ದರು, ಅವಳ ಜೊತೆಗೆ ತಾವೂ ಕೂಗುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಚಳಿಗಾಲದ ಬೆಳಿಗ್ಗೆ ಅಪ್ಪ ಬಚ್ಚಲಲ್ಲಿ ಬಾಯಿ ಮುಕ್ಕಳಿಸುತ್ತಿದ್ದ. ನೀರು ಎಡಗಡೆಯ ತುಟಿಯಿಂದ ಸೋರಿ ಎದೆಯ ಮೇಲೆ ಬಿತ್ತು. ಮತ್ತೆ ಬಾಯಿಗೆ ನೀರು ಹಾಕಿಕೊಂಡ, ಮತ್ತೆ ಸೋರಿತು. ಕೆನ್ನೆ ಹಿಡಿದುಕೊಂಡ, ತುಟಿ ಒತ್ತಿಕೊಂಡ, ಆದರೂ ಸೋರಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅವ್ವ ಮುಖ ತಿರುಗಿಸಿದಳು. ಅವಳ ಭುಜಗಳು ಕುಲುಕಿದವು. ಅಷ್ಟು ಬೇಗ ಅವಳು ನಕ್ಕಿದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

"ಇಲ್ಲ ಕಣೆ" ಎಂದ ಅಪ್ಪ. ಮಾತು ತೊದಲುತ್ತಿತ್ತು. "ಬಾಯಿ ಮುಚ್ಚಕ್ಕೆ ಆಗ್ತಿಲ್ಲ."

ಸಕಲೇಶಪುರದ ಡಾಕ್ಟರು ಮುಖದ ನರ ಸೋತಿದೆ, ಸರಿಹೋದರೂ ಹೋಗಬಹುದು, ಕಾದು ನೋಡಬೇಕು ಎಂದು ಮಾತ್ರೆ ಕೊಟ್ಟರು. ಎಡಗಡೆಯ ಮುಖ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎಡಗಣ್ಣು ಮುಚ್ಚುತ್ತಿರಲಿಲ್ಲ, ಸದಾ ನೀರು ಸುರಿಯುತ್ತಿತ್ತು. ಬೆಳಗೋಡಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಆಟಕ್ಕೆ ಮೊದಲೇ ಒಪ್ಪಿಕೊಂಡಾಗಿತ್ತು. "ಬ್ಯಾಡ ಕಣ್ರೀ, ಆಗಲ್ಲ ಅಂತ ಹೇಳಿ ಕಳಿಸ್ತೀನಿ" ಎಂದು ಅವ್ವ ಬೇಡಿಕೊಂಡಳು. "ಬಣ್ಣ ಬಳುದ್ರೆ ಯಾರಿಗ್ ಗೊತ್ತಾಯ್ತದೆ? ಆ ಮಕ್ಳು ವರ್ಷಕ್ಕೊಂದ್ಸಲ ಕಾಯ್ತವೆ" ಎಂದು ಅಪ್ಪ ಕನ್ನಡಿಯ ಮುಂದೆ ಕೂತ. ಸೊಟ್ಟ ತುಟಿಯ ಮೇಲೆ ಕೆಂಪು ಬಣ್ಣದಲ್ಲಿ ನೆಟ್ಟಗಿರುವ ನಗುವೊಂದನ್ನು ಬರೆದುಕೊಂಡ. ಅಳಿಸಿ ಅಳಿಸಿ ಬರೆದ.

ಮಧ್ಯಾಹ್ನ ಊಟವಾದ ಮೇಲೆ ಕಾಫಿ ಒಣಗಿಸುವ ಕಣದಲ್ಲಿ ಆಟ. ಕೂಲಿಯವರ ಲೈನ್ ಮನೆಗಳ ಜನರೆಲ್ಲ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಸೇರಿದ್ದರು. ಅಪ್ಪ ಬಾಯಿ ತೆರೆದದ್ದೇ ತಡ, ಬರೆದ ನಗುವಿನ ಅರ್ಧ ಮೇಲೆ ಹೋಯಿತು, ಇನ್ನರ್ಧ ಇದ್ದಲ್ಲೇ ಉಳಿಯಿತು. ಕಣ ಹೋ ಎಂದಿತು. ಅವನು ಮಾತಾಡಿದಷ್ಟೂ ನಗು ಏರಿತು. ಫೋಟೋ ಐಟಂ ಬಂತು. ಅಪ್ಪ ಎಂದಿನಂತೆ ಸೀನಿದ, ಮೂಗು ಕೆರೆದ. ಅವ್ವ ಅವನ ಕಡೆ ತಿರುಗಿದಳು. ಜನ ಕಾದರು. ಅವಳ ಬಾಯಿಂದ ಆ ಮಾತು ಹೊರಡಲಿಲ್ಲ. ಅವನ ಮುಖವನ್ನು ನೋಡುತ್ತ ಕೂತೇ ಇದ್ದಳು.

ಆಟ ನಿಂತುಹೋಗುತ್ತದೆಂದು ಅಪ್ಪನಿಗೆ ಗೊತ್ತಾಯಿತು. ಅವಳದೇ ದನಿ ಮಾಡಿ ತಾನೇ, "ಮುಖ ನೆಟ್ಟಗಿಟ್ಕಳ್ರೀ!" ಎಂದು ಗದರಿದ. ಎರಡು ಬೆರಳಿನಿಂದ ಎಡಗೆನ್ನೆಯನ್ನು ಮೇಲಕ್ಕೆತ್ತಿ ಕ್ಯಾಮೆರಾ ನೋಡಿದ. ಬೆರಳು ತೆಗೆದ, ಕೆನ್ನೆ ಜಾರಿತು. ಮತ್ತೆ ಎತ್ತಿದ. ಜನ ಹೊಟ್ಟೆ ಹಿಡಿದುಕೊಂಡು ಒಬ್ಬರ ಮೇಲೊಬ್ಬರು ಬಿದ್ದರು. ಎಡಗಣ್ಣಿನ ನೀರು ಸಫೇದವನ್ನು ಕೊರೆದುಕೊಂಡು ಗಲ್ಲದವರೆಗೆ ಇಳಿಯುತ್ತಿತ್ತು. ಅದನ್ನೂ ಅವರು ಆಟವೆಂದೇ ತಿಳಿದರು.

"ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಮಾರಾಯ ಈ ಐಟಂನ!" ಎಂದು ಆ ಎಸ್ಟೇಟಿನ ಮೇಸ್ತ್ರಿ ದ್ಯಾವಯ್ಯ ಕಣ್ಣೊರೆಸಿಕೊಳ್ಳುತ್ತ ಬಸ್ಸಿನವರೆಗೂ ಬಂದು ಕಳಿಸಿದ. ಅಪ್ಪ ತಲೆಯಾಡಿಸಿದ. ಬಸ್ಸು ಹೊರಟು ಸ್ವಲ್ಪ ದೂರ ಬಂದ ಮೇಲೆ ಕಿಟಕಿಯಿಂದಾಚೆ ನೋಡುತ್ತಲೇ ಹೇಳಿದ: "ಇವತ್ತು ನಾನೇನೂ ಮಾಡ್ಲಿಲ್ಲ ಕಣೆ ಸರೋಜ. ಸುಮ್ನೆ ನಿಂತಿದ್ದೆ." ಅವ್ವ ಅವನ ಕೈ ಹಿಡಿದುಕೊಂಡಳು. ಬಸ್ಸಿನಲ್ಲಿ, ಎಲ್ಲರೆದುರು ಅವಳು ಹಾಗೆ ಮಾಡಿದ್ದು ಅದೊಂದೇ ಸಲ.

ಆಮೇಲೆ ಆ ಸೊಟ್ಟ ಮುಖದ ಐಟಂ ಬೇಕೆಂದು ಎಲ್ಲೆಲ್ಲಿಂದಲೋ ಜನ ಮನೆ ಹುಡುಕಿಕೊಂಡು ಬಂದರು. ಅಪ್ಪ ಯಾರಿಗೂ ಒಪ್ಪಲಿಲ್ಲ. ಪಕ್ಕದ ಶೆಡ್ಡಿನಲ್ಲಿ ಲಾರಿ ಟಯರಿಗೆ ಪಂಕ್ಚರ್ ಹಾಕುವ ಕೆಲಸಕ್ಕೆ ಸೇರಿದ. ಮುಖ ಪೂರ್ತಿ ಸರಿಹೋಗಲೇ ಇಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವುದು ನಿಂತಿತು. ಸಂಜೆ ಮೂವರೂ ಸುಮ್ಮನೆ ತಲೆ ತಗ್ಗಿಸಿ ಉಂಡು ಏಳುತ್ತಿದ್ದೆವು. ಆ ಮನೆ ಅಷ್ಟು ಸಣ್ಣದೆಂದು ನನಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗ.

ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಅವ್ವ ಅಪ್ಪನ ದೊಗಲೆ ಪ್ಯಾಂಟು ತೊಟ್ಟು, ಕೊಡೆ ಹಿಡಿದು, ಒಳಕೋಣೆಯಿಂದ ಹೊರಗೆ ಬಂದಳು. ರೈಟರಂತೆ ಬೆನ್ನು ಕೆರೆದುಕೊಂಡಳು, ಎಡವಿದಳು, ಮುರಿದ ಕಾಲಿನ ಮೇಲೆಯೇ ಭಾರ ಬಿಟ್ಟು ಬಿದ್ದಳು. ನಗು ಬರುವಂಥದ್ದೇನೂ ಅದರಲ್ಲಿರಲಿಲ್ಲ. ನೆಲದ ಮೇಲೆ ಹಾಗೆಯೇ ಕೂತು ಅಪ್ಪನನ್ನು ನೋಡಿದಳು. ಅಪ್ಪ, "ಆ ಕೊಡೆ ಕೊಡಿಲ್ಲಿ. ಹಂಗಲ್ಲ ಹಿಡಿಯೋದು" ಎಂದು ಎದ್ದ.

ಅಲ್ಲಿಂದ ಕೆಲವು ವರ್ಷ ಅವ್ವ ಜೋಕರ್ ಆದಳು. ಅಪ್ಪ ಕಲಿಸಿದ, ತಿದ್ದಿದ, ಹೊಸ ಹೊಸದನ್ನು ಹೂಡಿಕೊಟ್ಟ. ಅವಳ ಕುಂಟುನಡಿಗೆ ಜನರ ಕಣ್ಣಿಗೆ ಬೀಳದಂತೆ ಒಂದೊಂದು ಐಟಂ ಕಟ್ಟಿದ. ಆಟದಲ್ಲಿ ತಾನು ಡ್ರಮ್ ಹಿಡಿದು ಒಂದು ಪಕ್ಕಕ್ಕೆ, ಸರಿಯಿರುವ ಕೆನ್ನೆ ಮಾತ್ರ ಜನರಿಗೆ ಕಾಣುವಂತೆ ಕೂರುತ್ತಿದ್ದ. ಜನ ನಕ್ಕಾಗ ಜನರನ್ನು ನೋಡುತ್ತಿರಲಿಲ್ಲ, ಅವ್ವನನ್ನು ನೋಡುತ್ತಿದ್ದ. ಫೋಟೋ ಐಟಂ ಮಾತ್ರ ಅವರು ಮತ್ತೆಂದೂ ಆಡಲಿಲ್ಲ.

ನಾನು ಕಾಲೇಜು ಸೇರಿದ ವರ್ಷ ಒಂದು ಮಧ್ಯಾಹ್ನ ಟಯರ್ ಬಿಚ್ಚುತ್ತಿದ್ದ ಅಪ್ಪ ಎದೆ ಹಿಡಿದುಕೊಂಡು ಶೆಡ್ಡಿನಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಜೀವ ಹೋಗಿತ್ತು. ಮನೆಯಲ್ಲಿ ಮಲಗಿಸಿದಾಗ ನೋಡಿದೆ, ಮುಖದ ಎರಡೂ ಕಡೆ ಒಂದೇ ಸಮನಾಗಿದ್ದವು. ಅಂಗಳದಲ್ಲಿ ಎಸ್ಟೇಟುಗಳ ಜನ ತುಂಬಿದ್ದರು. ಇದ್ದಕ್ಕಿದ್ದಂತೆ ಅಲ್ಲಿ ಯಾರೋ ಕಿಸಕ್ಕನೆ ನಕ್ಕರು, ಉಳಿದವರು ಸುಮ್ಮನಿರಿಸಿದರು. ಅವ್ವ ಒಳಗಿನಿಂದಲೇ ಹೇಳಿದಳು: "ಯಾಕ್ ಸುಮ್ನಿರಿಸ್ತೀರಾ? ಏನ್ ನೆನಪಾಯ್ತೋ ಜೋರಾಗ್ ಹೇಳಿ. ಅವ್ರಿಗೂ ಕೇಳ್ಲಿ."

ನಕ್ಕಿದ್ದವನು ದ್ಯಾವಯ್ಯ. ಬಾಗಿಲ ಹತ್ತಿರ ಬಂದು ನಿಂತು, ಅಳುತ್ತ ನಗುತ್ತ, ಅವತ್ತು ಕಣದಲ್ಲಿ ನಂಜಣ್ಣ ಕೆನ್ನೆ ಎತ್ತಿ ಹಿಡಿದದ್ದನ್ನು, ಬಿಟ್ಟದ್ದನ್ನು, ಮತ್ತೆ ಎತ್ತಿದ್ದನ್ನು ಒಂದೂ ಬಿಡದೆ ಹೇಳಿದ. "ಅಂಥಾ ಆಟ ಇನ್ಯಾರ್ ಮಾಡ್ತಾರೆ ಸರೋಜಕ್ಕ?" ಎಂದ. ಅವ್ವ ಅಪ್ಪನ ತಲೆ ಸವರುತ್ತ ಪೂರ್ತಿ ಕೇಳಿದಳು. "ಯಾರೂ ಮಾಡಲ್ಲ ಕಣಣ್ಣ" ಎಂದಳು.

ಆ ಮನೆ, ಆ ಶೆಡ್ಡು ರಸ್ತೆ ಅಗಲ ಮಾಡುವಾಗ ಹೋದವು. ಅವ್ವ ಹಾಸನಕ್ಕೆ ಬಂದು ನನ್ನ ಜೊತೆಗಿದ್ದಳು. ಅಪ್ಪನ ಫೋಟೋ ಇದ್ದದ್ದು ಒಂದೆರಡೇ, ಅವುಗಳಲ್ಲೂ ಬಣ್ಣ ಬಳಿದ ಮುಖ. ನನಗೆ ಸೊಟ್ಟ ಮುಖ ಚೆನ್ನಾಗಿ ನೆನಪಿತ್ತು, ಅದಕ್ಕಿಂತ ಹಿಂದಿನದು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಅವ್ವ ಹಾಸಿಗೆ ಹಿಡಿದಿದ್ದಾಗ ಒಂದು ದಿನ ಕೇಳಿದೆ: "ಅವ್ವ, ಮುಂಚೆ ಅಪ್ಪ ನಕ್ಕರೆ ಹೆಂಗ್ ಕಾಣ್ತಿದ್ರು?"

ಅವ್ವ ದಿಂಬಿಗೆ ಒರಗಿ ಕೂತು ಕಣ್ಣು ಮುಚ್ಚಿದಳು. ಮೊದಲು ಹುಬ್ಬುಗಳು ಸಡಿಲವಾದವು, ಆಮೇಲೆ ಕೆನ್ನೆಗಳು ನಿಧಾನವಾಗಿ ಮೇಲೆದ್ದವು, ತುಟಿಯ ಎರಡೂ ತುದಿ ಒಟ್ಟಿಗೆ ಅರಳಿದವು. ಕಣ್ಣು ತೆರೆದಳು. ಅವಳ ಸುಕ್ಕುಗಟ್ಟಿದ ಮುಖದಿಂದ ಅಪ್ಪ ನನ್ನನ್ನು ನೋಡಿದ. ನಾನು ಸಾಕೆನ್ನಲೆಂದು ಕಾಯುತ್ತ ಅವಳು ಆ ಮುಖವನ್ನು ಅಲುಗಿಸದೆ ಹಿಡಿದಿದ್ದಳು. ಸಾಕೆಂದು ನಾನು ಹೇಳಲಿಲ್ಲ. ದಣಿದು ಅವಳೇ ಬಿಟ್ಟಳು.

ಈಗ ಅವ್ವನೂ ಇಲ್ಲ.